ಉಳಿದ ಕಾಯಿಪಲ್ಲೆ ಹಾಕಿ ತತ್ತಿ ಬೇಕ್ ಮಾಡಿದರೆ ತಳದಲ್ಲಿ ನೀರು ನಿಲ್ಲುತ್ತದೆ, ಏನು ಮಾಡಲಿ?

ನವನಗರದವಳು, ಬಾಗಲಕೋಟೆ:
ಎಲ್ಲರಿಗೂ ನಮಸ್ಕಾರ. ನಾವು ವಾರಕ್ಕಾಗುವಷ್ಟು ಕಾಯಿಪಲ್ಲೆ ಒಂದೇ ಸಲ ಸಂತೆಯಿಂದ ತರುತ್ತೇವೆ. ವಾರದ ಕೊನೆಗೆ ಅರ್ಧ ಹೀರೇಕಾಯಿ, ಒಂದು ಢಬ್ಬು ಮೆಣಸಿನಕಾಯಿ, ಎರಡು ಬದನೆಕಾಯಿ, ಬಾಡಿದ ಅರ್ಧ ಸೂಡು ಮೆಂತ್ಯೆ ಉಳಿದೇ ಇರುತ್ತವೆ. ಒಂದೊಂದರ ಪಲ್ಯ ಮಾಡುವಷ್ಟಿಲ್ಲ. ಎಸೆಯಲು ಮನಸ್ಸು ಬರುವುದಿಲ್ಲ, ರೈತರ ಮನೆಯಿಂದ ಬಂದವಳು ನಾನು.

ದೀಪಾವಳಿಗೆ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ತಗೊಂಡೆವು. ಇಟಲಿಯವರು ಫ್ರಿಟಾಟಾ ಅಂತ ಮಾಡುತ್ತಾರಲ್ಲ, ಅದನ್ನು ಎರಡು ಸಲ ಮಾಡಿ ನೋಡಿದೆ. 6 ತತ್ತಿ, ಒಂದು ಕಪ್ ಹಾಲು, ಕಾಯಿಪಲ್ಲೆ ಹಸಿಯದನ್ನೇ ಹೆಚ್ಚಿ ಹಾಕಿದೆ. 200 ಡಿಗ್ರಿ, 40 ನಿಮಿಷ. ಮೇಲೆ ಚೆಂದ ಕೆಂಪಗಾಗಿತ್ತು. ಕೊಯ್ದು ತಟ್ಟೆಗೆ ಹಾಕಿದರೆ ಸುತ್ತಲೂ ಹಸಿರು ನೀರು. ತತ್ತಿ ರಬ್ಬರಿನಂತೆ. ಮಗಳು ಎರಡು ತುತ್ತು ತಿಂದು ಎದ್ದಳು. ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಶಹಾಪುರದ ಅಕ್ಕ, ಬೆಳಗಾವಿ:
ತಂಗಿ, ನಿಮ್ಮ ಓಟಿಜಿದು ಏನೂ ತಪ್ಪಿಲ್ಲ. ನೀರು ಕಾಯಿಪಲ್ಲೆಯದು. ಹೀರೇಕಾಯಿಯಲ್ಲಿ ಇರುವುದೇ ಬಹುಪಾಲು ನೀರು, ಅದು ಬೇಯುವಾಗ ಎಲ್ಲಿಗೆ ಹೋಗಬೇಕು ಹೇಳಿ? ತತ್ತಿಯೊಳಗೇ ಇಳಿಯುತ್ತದೆ.

ಮೊದಲು ಕಬ್ಬಿಣದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಹಾಕಿ ಉಳ್ಳಾಗಡ್ಡಿ ಹುರಿಯಿರಿ. ಆಮೇಲೆ ಬದನೆಕಾಯಿ, ಢಬ್ಬು ಮೆಣಸಿನಕಾಯಿ, ಹೀರೇಕಾಯಿ. ಉಪ್ಪನ್ನು ಆಗಲೇ ಹಾಕಿ, ನೀರು ಬೇಗ ಬಿಡುತ್ತದೆ. ಮುಚ್ಚಳ ಮಾತ್ರ ಮುಚ್ಚಬೇಡಿ. ಮೊದಲು ಬಾಣಲೆ ಸೊರ್ ಅನ್ನುತ್ತಿರುತ್ತದೆ. ನೀರು ಹೋದ ಮೇಲೆ ಸದ್ದು ಬದಲಾಗಿ ಚಟಪಟ ಅನ್ನುತ್ತದೆ. ಕಿವಿ ಆ ಕಡೆ ಇರಲಿ. ಸೌಟಿನಿಂದ ಕಾಯಿಪಲ್ಲೆಯನ್ನು ಒಂದು ಬದಿಗೆ ಎಳೆದು ನೋಡಿ, ಹಿಂದೆ ನೀರು ಹರಿದು ಬರಬಾರದು. ಕೊನೆಗೆ ಮೆಂತ್ಯೆ ಹಾಕಿ ಎರಡು ನಿಮಿಷ ಆಡಿಸಿದರೆ ಸಾಕು. ಪೂರ್ತಿ ಆರಿದ ಮೇಲೆಯೇ ತತ್ತಿಗೆ ಸೇರಿಸಿ. ಬಿಸಿ ಬಿಸಿ ಹಾಕಿದರೆ ತತ್ತಿ ಅಲ್ಲೇ ಗಂಟು ಕಟ್ಟುತ್ತದೆ.

6 ತತ್ತಿಗೆ ಹುರಿದ ಕಾಯಿಪಲ್ಲೆ 2 ಕಪ್ ಸಾಕು. ಒಂದು ಕಪ್ ಹಾಲು ಜಾಸ್ತಿಯಾಯಿತು, ಕಾಲು ಕಪ್ ಹಾಕಿ.

ಇನ್ನು 40 ನಿಮಿಷದ ಮಾತು. ತತ್ತಿ ಜಾಸ್ತಿ ಬೆಂದರೆ ಬಿಗಿದುಕೊಂಡು ತನ್ನೊಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ, ಹಾಲು ಒಡೆದಾಗ ನೀರು ಬೇರೆ ಆಗುತ್ತಲ್ಲ, ಹಾಗೆ. ರಬ್ಬರ್ ಆಗಿದ್ದೂ ಅದಕ್ಕೇ. ಓವನ್ ಮೊದಲೇ ಕಾಯಿಸಿಕೊಂಡು, 8 ಇಂಚಿನ ಡಬ್ಬಿಗೆ ಎಣ್ಣೆ ಸವರಿ, 180 ಡಿಗ್ರಿಯಲ್ಲಿ ಇಡಿ. 18 ನಿಮಿಷಕ್ಕೇ ನೋಡಲು ಶುರು ಮಾಡಿ. ಡಬ್ಬಿ ಮೆಲ್ಲಗೆ ಅಲುಗಿಸಿದರೆ ಅಂಚು ಗಟ್ಟಿ ಇರಬೇಕು, ನಡುವೆ ಗಿಣ್ಣದಂತೆ ಸ್ವಲ್ಪ ನಡುಗಬೇಕು. ಹಸಿ ತತ್ತಿ ತೆಳ್ಳಗೆ ಹರಿದಾಡುತ್ತಿದ್ದರೆ ಇನ್ನೂ ಮೂರು ನಾಲ್ಕು ನಿಮಿಷ ಬಿಡಿ. ಹೊರಗೆ ತೆಗೆದ ಮೇಲೆ 10 ನಿಮಿಷ ಕೊಯ್ಯಬೇಡಿ, ಅದರ ಬಿಸಿಗೇ ನಡುವಿನದು ಗಟ್ಟಿಯಾಗುತ್ತದೆ. ಉಬ್ಬಿದ್ದು ಇಳಿಯುತ್ತದೆ, ಹೆದರಬೇಡಿ. ಒಳಗಿನ ಹಬೆ ಹೋದಾಗ ಹಾಗೆಯೇ ಆಗುವುದು.

ನಮ್ಮ ಅತ್ತೆ ತತ್ತಿ ಮುಟ್ಟುವುದಿಲ್ಲ. ಅವರ ಪಾಲಿನ ಕಾಯಿಪಲ್ಲೆಯನ್ನು ಮೊದಲೇ ತೆಗೆದಿಟ್ಟು ಕಡಲೆ ಹಿಟ್ಟು ಹಾಕಿ ಝುಣಕ ಮಾಡಿಕೊಡುತ್ತೇನೆ. ಬಾಣಲೆ ಒಂದೇ, ಕೆಲಸವೂ ಒಂದೇ.

ರೂಮಿನ ಹುಡುಗ, ವಿಜಯಪುರ:
ಅಕ್ಕಾ, ನಮ್ಮಲ್ಲಿ ಓವನ್ ಇಲ್ಲ. ಇರುವುದು ಒಂದು ಗ್ಯಾಸ್ ಒಲೆ. ಹಿಂದಿನ ದಿನದ ಎಣ್ಣೆಗಾಯಿ ಫ್ರಿಜ್ಜಿನಲ್ಲಿದೆ. ಅದನ್ನು ಹಾಕಬಹುದಾ?

ಶಹಾಪುರದ ಅಕ್ಕ, ಬೆಳಗಾವಿ:
ಧಾರಾಳವಾಗಿ ಹಾಕಪ್ಪ. ಎಣ್ಣೆಗಾಯಿ ಇದಕ್ಕೆ ಬಹಳ ಒಳ್ಳೆಯದು, ಶೇಂಗಾ ಗುರೆಳ್ಳಿನ ಮಸಾಲೆ ಇದ್ದ ನೀರನ್ನೆಲ್ಲ ಹಿಡಿದುಕೊಳ್ಳುತ್ತದೆ. ಬದನೆಕಾಯಿ ಹಿಸುಕಿ, ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ ಆರಿಸು. ಉಪ್ಪು ಖಾರ ಅದರಲ್ಲೇ ಇದೆ, ತತ್ತಿಗೆ ಮತ್ತೆ ಹಾಕಬೇಡ. 4 ತತ್ತಿ ಒಡೆದು ಆರಿದ ಎಣ್ಣೆಗಾಯಿ ಸೇರಿಸಿ ಕಲಸು. ದಪ್ಪ ತಳದ ಬಾಣಲೆಗೆ ಎಣ್ಣೆ ಸವರಿ ಅದನ್ನು ಸುರಿ, ಮುಚ್ಚಳ ಮುಚ್ಚು, ಉರಿ ತೀರಾ ಸಣ್ಣಗಿರಲಿ. 10, 12 ನಿಮಿಷಕ್ಕೆ ಮೇಲಿನದೂ ಗಟ್ಟಿಯಾಗುತ್ತದೆ. ಮುಚ್ಚಳದ ಒಳಗೆ ಹನಿ ಕಟ್ಟಿರುತ್ತದೆ, ತೆಗೆಯುವಾಗ ಪಕ್ಕಕ್ಕೆ ಸರಿಸಿ ತೆಗಿ. ಇಲ್ಲದಿದ್ದರೆ ಎಲ್ಲ ತತ್ತಿಯ ಮೇಲೇ ಬೀಳುತ್ತದೆ.

ನವನಗರದವಳು, ಬಾಗಲಕೋಟೆ:
ಅಕ್ಕಾ, ಇವತ್ತು ಮಾಡಿದೆ. ಹೀರೇಕಾಯಿ ನೀರು ಬಿಟ್ಟು ಬತ್ತುವುದಕ್ಕೇ 12 ನಿಮಿಷ ಹಿಡಿಯಿತು. ಅಷ್ಟು ನೀರನ್ನು ನಾನು ಸುಮ್ನೆ ತತ್ತಿಗೆ ಕುಡಿಸುತ್ತಿದ್ದೆ. 22 ನಿಮಿಷಕ್ಕೆ ಹೊರಗೆ ತೆಗೆದೆ. ತುಂಡು ನೆಟ್ಟಗೆ ನಿಂತಿತು, ತಟ್ಟೆ ಒಣಗೇ ಇತ್ತು. ಮಗಳು ಬಿಸಿ ಜೋಳದ ರೊಟ್ಟಿಯಲ್ಲಿ ಸುತ್ತಿಕೊಂಡು ತಿಂದಳು, ನಾಳೆ ಶಾಲೆಯ ಡಬ್ಬಿಗೂ ಅದೇ ಬೇಕಂತೆ. ಒಂದು ತುಂಡು ಫ್ರಿಜ್ಜಿನಲ್ಲಿ ತೆಗೆದಿಟ್ಟಿದ್ದೇನೆ.