ಇಂಜಿನ್ ಆನ್ ಇದ್ರೆ ಗೇರ್ ಬೀಳಲ್ಲ, ಆಫ್ ಮಾಡಿದ್ರೆ ಸಲೀಸಾಗಿ ಬೀಳುತ್ತೆ: ಗೇರ್‌ಬಾಕ್ಸ್ ಇಳಿಸಲೇಬೇಕಾ?

ಬೆಲ್ಲದಗಾಡಿ, ಮಂಡ್ಯ
ಹಳೇ ಡೀಸೆಲ್ ಪಿಕಪ್, 5 ಗೇರು, ಹೈಡ್ರಾಲಿಕ್ ಕ್ಲಚ್. ಆಲೆಮನೆಯಿಂದ ಎಪಿಎಂಸಿಗೆ ಬೆಲ್ಲ ಹೊಡೆಯೋ ಗಾಡಿ. ಇಂಜಿನ್ ಓಡ್ತಿದ್ರೆ ಒಂದನೇ ಗೇರು ಬೀಳಲ್ಲ, ರಿವರ್ಸ್ ಕರ್ರ್ ಅನ್ನುತ್ತೆ. ಆಫ್ ಮಾಡಿದ್ರೆ ಎಲ್ಲಾ ಗೇರೂ ಸಲೀಸು. ಪೆಡಲನ್ನ ಎರಡು ಮೂರು ಸಲ ಒತ್ತಿ ಬಿಟ್ಟರೂ ಬೀಳುತ್ತೆ. ಇದಲ್ಲದೆ ಲೋಡಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಶಬ್ದ. ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ. ಅದಕ್ಕೂ ಮೊದಲು ಏನು ನೋಡಬೇಕು?

ಹದಿನೇಳರ ಸ್ಪ್ಯಾನರ್, ಮೈಸೂರು
ಈಗಲೇ ಇಳಿಸಬೇಡಿ ಅಣ್ಣ. ನೀವು ಹೇಳಿದ್ದರಲ್ಲೇ ಉತ್ತರ ಇದೆ. ಆಫ್ ಮಾಡಿದಾಗ ಬೀಳೋ ಗೇರು ಆನ್ ಇದ್ದಾಗ ಬೀಳಲ್ಲ ಅಂದ್ರೆ ಪೆಡಲ್ ಒತ್ತಿದ್ರೂ ಕ್ಲಚ್ ಪೂರ್ತಿ ಬಿಡ್ತಿಲ್ಲ, ಇಂಜಿನ್ ಗೇರುಗಳನ್ನ ತಿರುಗಿಸ್ತಾನೇ ಇದೆ. ಪಂಪ್ ಮಾಡಿದ್ರೆ ಬೀಳುತ್ತೆ ಅಂದ್ರೆ ಕ್ಲಚ್ ಫ್ಲೂಯಿಡ್ ಲೈನಲ್ಲಿ ಗಾಳಿ ಸೇರಿದೆ, ಇಲ್ಲಾ ಸಿಲಿಂಡರ್ ಸೀಲ್ ಸವೆದಿದೆ.

ಗಾಡಿ ಕೆಳಗೆ ಹೋಗಿ ಸ್ಲೇವ್ ಸಿಲಿಂಡರಿನ (ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸೋ ಕೆಳಗಿನ ಸಿಲಿಂಡರ್) ರಬ್ಬರ್ ಬೂಟನ್ನ ಬೆರಳಲ್ಲಿ ಸ್ವಲ್ಪ ಹಿಂದಕ್ಕೆ ಎಳೀರಿ. ಒಳಗೆ ಒದ್ದೆ ಇದ್ರೆ ಸೀಲ್ ಹೋಗಿದೆ. ಮೇಲೆ ಕ್ಯಾಬಿನ್ ಒಳಗೆ ಪೆಡಲ್ ರಾಡ್ ಹತ್ರ ಒದ್ದೆ ಇದ್ರೆ ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳೋ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ. ಎರಡೂ ಒಣಗಿದ್ದು ಪೆಡಲ್ ಮೆಲ್ಲಗೆ ಕುಸಿದ್ರೆ ಮಾಸ್ಟರ್ ಒಳಗೇ ಲೀಕ್ ಆಗ್ತಿದೆ. ಒಂದರ ಸೀಲ್ ಕಿಟ್ ಹಾಕಿದ್ರೆ ಎರಡಕ್ಕೂ ಹಾಕಿಸಿಬಿಡಿ, ಹಳೇದು ಹೆಚ್ಚು ದಿನ ಉಳಿಯಲ್ಲ.

ಆಮೇಲೆ ಏರ್ ತೆಗೀಬೇಕು. ಸ್ಲೇವ್ ಮೇಲಿರೋ ಗಾಳಿ ಬಿಡೋ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನ ಸ್ವಲ್ಪ ಫ್ಲೂಯಿಡ್ ಇರೋ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ನಿಪ್ಪಲ್ ಬಿಚ್ಚಿ, ಮುಚ್ಚಿದ ಮೇಲೆ ಮಾತ್ರ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲೋ ತನಕ ಹೀಗೇ. ಮೇಲಿನ ಫ್ಲೂಯಿಡ್ ಡಬ್ಬಿ ಖಾಲಿ ಆಗೋಕೆ ಬಿಟ್ರೆ ಮತ್ತೆ ಮೊದಲಿಂದ. ಡಬ್ಬಿ ಮುಚ್ಚಳದ ಮೇಲೆ ಬರೆದಿರೋ ಡಾಟ್-3 ಅಥವಾ ಡಾಟ್-4 ದರ್ಜೆಯ ಫ್ಲೂಯಿಡ್ ಮಾತ್ರ ಹಾಕಿ. ಇಂಜಿನ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರ್ ಊದುತ್ತೆ. ಫ್ಲೂಯಿಡ್ ಪೇಂಟ್‌ಗೆ ತಾಗಿದ್ರೆ ತಕ್ಷಣ ನೀರು ಹಾಕಿ ತೊಳೀರಿ.

ಕ್ಲಚ್‌ಫೋರ್ಕ್, ಮದ್ದೂರು
ಮೇಲಿನ ಮಾತು ಸರಿ. ಎರಡನೇ ಗೇರಿನ ಕರಕರ ಬೇರೆ ಕಾಯಿಲೆ ಇರಬಹುದು. ಕ್ಲಚ್ ಸರಿಯಾದ ಮೇಲೂ ಎರಡಕ್ಕೆ ಮಾತ್ರ ಉಳಿದ್ರೆ ಸಿಂಕ್ರೋ ರಿಂಗ್ (ಗೇರ್ ಸೇರೋ ಮೊದಲು ವೇಗ ಹೊಂದಿಸೋ ಬಳೆ) ಸವೆದಿರಬಹುದು. ಅದಕ್ಕೂ ಮೊದಲು ಗೇರ್ ಆಯಿಲ್ ನೋಡಿ. ಡ್ರೈನ್ ಪ್ಲಗ್ ಬಿಚ್ಚೋ ಮೊದಲು ತುಂಬೋ ಪ್ಲಗ್ ಬಿಚ್ಚಿ ನೋಡ್ಕೊಳ್ಳಿ. ಅದು ಕಚ್ಚಿಕೊಂಡು ಬರದೇ ಹೋದ್ರೆ ಖಾಲಿ ಗೇರ್‌ಬಾಕ್ಸ್ ಇಟ್ಕೊಂಡು ಪೇಚಾಡ್ಬೇಕು. ಆಯಿಲ್ ಬಿಸಿ ಇದ್ದಾಗಲೇ ಹೊರಗೆ ಬಿಡಿ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಲೇಪ ಮಾಮೂಲು, ಗೇರ್ ಹಲ್ಲಿನ ಚೂರು ಬಂದ್ರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಆಯಿಲಲ್ಲಿ ಹಳದಿ ಮಿಂಚು ಕಂಡ್ರೆ ಅದು ಹಿತ್ತಾಳೆ, ಹೆಚ್ಚಾಗಿ ಸಿಂಕ್ರೋ ರಿಂಗಿಂದ ಬಂದದ್ದು.

ಗಾಡಿಯ ಮ್ಯಾನುವಲ್ ಪುಸ್ತಕದಲ್ಲಿ ಜಿಎಲ್-4 (ಗೇರ್ ಆಯಿಲ್ ದರ್ಜೆ) ಅಂದಿದ್ರೆ ಜಿಎಲ್-5 ಸುರೀಬೇಡಿ. ಅದರ ಗಂಧಕ-ರಂಜಕದ ಮಿಶ್ರಣ ಹಿತ್ತಾಳೆಯನ್ನ ತಿನ್ನಬಹುದು. ಅಂಗಡಿಯವರು 80ಡಬ್ಲ್ಯೂ-90 (ಆಯಿಲ್ ಮಂದತೆಯ ಅಳತೆ) ಎಲ್ಲಾ ಒಂದೇ ಅಂದ್ರೂ ಡಬ್ಬಿ ತಿರುಗಿಸಿ ಓದಿ. ಗಾಡಿ ಸಮತಟ್ಟಾಗಿ ನಿಂತಿರಲಿ, ತುಂಬೋ ತೂತಿನ ಕೆಳ ಅಂಚಿಗೆ ಆಯಿಲ್ ಬಂದ್ರೆ ಸಾಕು.

ಬೆಲ್ಲದಗಾಡಿ, ಮಂಡ್ಯ
ನೋಡಿದೆ. ಸ್ಲೇವ್ ಬೂಟ್ ಒಳಗೆ ಕಪ್ಪು ನೀರಿನ ಥರ ಇದೆ, ಡಬ್ಬಿಯಲ್ಲೂ ಕಮ್ಮಿ ಆಗಿದೆ. ಕಿಟ್ ಹಾಕಿಯೂ ರಿವರ್ಸ್ ಕರ್ರ್ ಅಂದ್ರೆ?

ಹದಿನೇಳರ ಸ್ಪ್ಯಾನರ್, ಮೈಸೂರು
ಕಪ್ಪು ಅಂದ್ರೆ ರಬ್ಬರ್ ಸವೆದು ಫ್ಲೂಯಿಡಲ್ಲಿ ಸೇರಿದೆ. ಸಿಲಿಂಡರ್ ಬೋರ್ ಒಳಗೆ ಗೀರು, ತುಕ್ಕಿನ ಗುಳಿ ಇದ್ರೆ ಕಿಟ್ ದಂಡ, ಸಿಲಿಂಡರನ್ನೇ ಬದಲಾಯಿಸಿ. ಎಲ್ಲಾ ಸರಿ ಮಾಡಿ ನ್ಯೂಟ್ರಲಲ್ಲಿ ಪೆಡಲ್ ಒತ್ತಿ 5 ಸೆಕೆಂಡ್ ಕಾದು ರಿವರ್ಸ್ ಹಾಕಿ. ಹಳೇ ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ಇರೋದು ಅಪರೂಪ, ಗೇರ್‌ಬಾಕ್ಸ್ ಶಾಫ್ಟ್ ತಿರುಗೋದು ನಿಲ್ಲೋಕೆ ಅಷ್ಟು ಸಮಯ ಬೇಕು. ಆಗಲೂ ಕರ್ರ್ ಅಂದ್ರೆ ಕ್ಲಚ್ ಪ್ಲೇಟಿನ ಸ್ಪ್ಲೈನ್ (ಶಾಫ್ಟ್ ಮೇಲೆ ಜಾರೋ ಹಲ್ಲುಗಳು) ತುಕ್ಕಾಗಿ ಜಾರ್ತಿಲ್ಲದೇ ಇರಬಹುದು, ಇಲ್ಲಾ ಶಾಫ್ಟಿನ ಮುಂದಿನ ತುದಿ ಕೂರೋ ಪೈಲಟ್ ಬೇರಿಂಗ್ ಕಚ್ಚಿರಬಹುದು. ಗೇರ್‌ಬಾಕ್ಸ್ ಇಳಿಸಬೇಕಾದ್ದು ಆಗ. ಇಳಿಸಿದ್ರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ನಾಲ್ಕೂ ನೋಡಿಸಿ, ಕೂಲಿ ಒಂದೇ. ಆ ತನಕ ಲೋಡಲ್ಲಿ ಎರಡಕ್ಕೆ ಇಳಿಸುವಾಗ ನ್ಯೂಟ್ರಲಲ್ಲಿ ಕ್ಲಚ್ ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಿ.