ಪದಚರ್ಚೆ: ‘ರಿದಮ್ ಅಂಡ್ ಬ್ಲೂಸ್’ಗೆ ಕನ್ನಡದಲ್ಲಿ ಏನನ್ನೋಣ? ಜೊತೆಗೆ ರೇಸ್, ಬ್ಯಾಕ್‌ಬೀಟ್, ಹೌಂಡ್ ಡಾಗ್

ಗೆಳೆಯರೇ,

ಒಂದು ಪದ ಕೇಳೋಣ ಅಂತ ಕೂತೆ, ಅದು ನಾಲ್ಕಾಯಿತು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಅಮೆರಿಕದ ಕಪ್ಪು ಜನರ ಸಂಗೀತದ ಮೇಲಿನ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡ ಅಡಿಬರಹ ಬರೆಯುತ್ತಿದ್ದೇನೆ. ಕಂಪ್ಯೂಟರ್ ಮಾಡಿದ ಕರಡು ಕೈಗಿಟ್ಟು, ‘ಸುಮ್ನೆ ಒಂದ್ಸಲ ನೋಡಿ ತಿದ್ದಿಬಿಡಿ’ ಅಂದರು. ಮೊದಲ ನಿಮಿಷದಲ್ಲೇ ‘ರಿದಮ್ ಅಂಡ್ ಬ್ಲೂಸ್’ಗೆ ‘ಲಯ ಮತ್ತು ನೀಲಿ’ ಬಂತು. ಎರಡನೇ ನಿಮಿಷದಲ್ಲಿ ‘ರೇಸ್ ರೆಕಾರ್ಡ್ಸ್’ಗೆ ‘ಓಟದ ದಾಖಲೆಗಳು’. ಚೆನ್ನಾಗಿ ನಕ್ಕೆ. ನಕ್ಕು ಮುಗಿದ ಮೇಲೆ ನನಗೂ ಸರಿಯಾದ ಪದ ಹೊಳೆಯಲಿಲ್ಲ.

‘ಲಯ ಮತ್ತು ನೀಲಿ’ ಓದಿದವರಿಗೆ ಏನನ್ನಿಸುತ್ತದೆ ನೋಡಿ. ಸಂಗೀತ ಗೊತ್ತಿದ್ದವರಿಗೆ ಲಯ ಅಂದರೆ ತಾಳದ ನಡೆ. ಉಳಿದವರಿಗೆ ಸೃಷ್ಟಿ, ಸ್ಥಿತಿ, ಲಯ. ನೀಲಿ ಅಂದರಂತೂ ನಮ್ಮಲ್ಲಿ ನೀಲಿಚಿತ್ರ. ಅಲ್ಲಿಗೆ ಪ್ರಳಯ ಮತ್ತು ಪೋಲಿ ಸಿನಿಮಾ! ಇಂಗ್ಲಿಷಿನಲ್ಲಿ ‘ಬ್ಲೂ ಡೆವಿಲ್ಸ್’ ಅಂತ ಹಳೆಯ ಮಾತೊಂದಿತ್ತು. ಮನಸ್ಸಿಗೆ ಬಂದು ಮೆತ್ತಿಕೊಳ್ಳುವ ದೆವ್ವಗಳು ಅನ್ನೋ ಅರ್ಥದಲ್ಲಿ. ಅದರಿಂದ ‘ಬ್ಲೂಸ್’ ಬಂತು, ಮೊದಲು ಆ ಭಾವಕ್ಕೆ, ಆಮೇಲೆ ಅದನ್ನು ಹಾಡುವ ಕಪ್ಪು ಜನರ ಹಾಡಿಗೆ. ಆ ಭಾವಕ್ಕೆ ನಮ್ಮಲ್ಲಿ ಬಣ್ಣ ಇಲ್ಲ, ‘ಮಂಕು ಕವಿಯಿತು’ ಅನ್ನುತ್ತೇವೆ. ಹಾಗಂತ ‘ಮಂಕು ಹಾಡು’ ಅನ್ನೋಕಾಗುತ್ತಾ? ‘ಅಳಲಿನ ಹಾಡು’ ಅನ್ನಬಹುದೇನೋ. ಆದರೆ ಬ್ಲೂಸ್‌ನಲ್ಲಿ ಅಳಲಿನಷ್ಟೇ ಕೀಟಲೆಯೂ ಇದೆ, ಪೋಲಿತನವೂ ಇದೆ.

ಇನ್ನೊಂದು ತೊಡಕೂ ಇದೆ. ‘ರಿದಮ್ ಅಂಡ್ ಬ್ಲೂಸ್’ ಅನ್ನೋದು ಹಾಡುವವರು ತಮ್ಮ ಹಾಡಿಗೆ ಇಟ್ಟುಕೊಂಡ ಹೆಸರಲ್ಲ. ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಹಾಡುಗಳ ಪಟ್ಟಿ ಹಾಕುತ್ತದಲ್ಲ, ಅದರ ತಲೆಬರಹ. ಕಪ್ಪು ಜನ ಕೊಳ್ಳುವ ಸಂಗೀತದ ಪಟ್ಟಿ 1942ರಲ್ಲಿ ‘ಹಾರ್ಲೆಮ್ ಹಿಟ್ ಪರೇಡ್’ ಅಂತ ಶುರುವಾಯಿತು. 1945ರಲ್ಲಿ ‘ರೇಸ್ ರೆಕಾರ್ಡ್ಸ್’ ಆಯಿತು. ಇಲ್ಲಿ ರೇಸ್ ಅಂದರೆ ಓಟವಲ್ಲ, ಜನಾಂಗ. ಯುದ್ಧ ಮುಗಿದ ಮೇಲೆ ಆ ಹೆಸರು ಎಲ್ಲರಿಗೂ ಮುಜುಗರ. ರೆಕಾರ್ಡ್ ಮಾಡುವ ಎಂಜಿಎಂ ಕಂಪನಿ ‘ಎಬನಿ’ ಅನ್ನುತ್ತಿತ್ತು, ಡೆಕ್ಕಾ ‘ಸೀಪಿಯಾ’. ಒಂದು ಕರಿಮರ, ಇನ್ನೊಂದು ಹಳೇ ಫೋಟೋದ ಕಂದು. ಬಣ್ಣದ ಮಾತು ಬೇಡ ಅಂತಲೇ ಮತ್ತೆ ಬಣ್ಣಕ್ಕೇ ಬಂದು ನಿಂತಿದ್ದರು. ಕೊನೆಗೆ 1949ರ ಜೂನ್‌ನಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಹೆಸರನ್ನು ‘ರಿದಮ್ ಅಂಡ್ ಬ್ಲೂಸ್’ ಅಂತ ಬದಲಾಯಿಸಿತು. ಈ ಹೆಸರು ಸೂಚಿಸಿದವರು ಆಗ ಅಲ್ಲಿ ವರದಿಗಾರರಾಗಿದ್ದ ಜೆರ್ರಿ ವೆಕ್ಸ್ಲರ್. ಮುಂದೆ ಇವರೇ ಅಟ್ಲಾಂಟಿಕ್ ಕಂಪನಿ ಸೇರಿ ಗಾಯಕ ರೇ ಚಾರ್ಲ್ಸ್ ಅವರ ಹಾಡುಗಳನ್ನು ಮುದ್ರಿಸಿದರು.

ಹಾಗಾಗಿ ಆ ಹೆಸರಿನ ಒಳಗೆ ಲಯ ಎಷ್ಟು, ಬ್ಲೂಸ್ ಎಷ್ಟು ಅಂತ ಅಳೆಯುತ್ತಾ ಕೂತರೆ ಏನೂ ಸಿಗಲ್ಲ. ಆಕಾಶವಾಣಿಯ ‘ಸುಗಮ ಸಂಗೀತ’ ಇದೆಯಲ್ಲ, ಅದರಲ್ಲಿ ಯಾರಿಗೆ ಏನು ಸುಗಮ ಅಂತ ನಾವು ಕೇಳುತ್ತೇವಾ? ಪಟ್ಟಿಯ ಹೆಸರು, ಅಷ್ಟೇ. ಅಮೆರಿಕದ ಈ ಹೆಸರೂ ನಿಂತಲ್ಲಿ ನಿಲ್ಲಲಿಲ್ಲ. 1969ರಲ್ಲಿ ಅದೇ ಪಟ್ಟಿ ‘ಸೋಲ್’ ಆಯಿತು, 1982ರಲ್ಲಿ ‘ಬ್ಲ್ಯಾಕ್’, 1990ರಲ್ಲಿ ಮತ್ತೆ ‘ಆರ್ ಅಂಡ್ ಬಿ’. ಅಷ್ಟರಲ್ಲಿ ಸಂಗೀತವೇ ಬೇರೆ. ಲೂಯಿ ಜೋರ್ಡನ್ ಅವರ ಸ್ಯಾಕ್ಸೋಫೋನಿನ ಕುಣಿತಕ್ಕೂ ಇವತ್ತು ಇಯರ್‌ಫೋನ್‌ನಲ್ಲಿ ಕೇಳುವ ಬಿಯಾನ್ಸೆಗೂ ಒಂದೇ ಹೆಸರು. ಇಷ್ಟಕ್ಕೆಲ್ಲಾ ಹೊಂದುವ ಕನ್ನಡ ಪದ ಕಟ್ಟೋದು ಬೇಡ, ‘ರಿದಮ್ ಅಂಡ್ ಬ್ಲೂಸ್’ ಹಾಗೇ ಇರಲಿ ಅನ್ನೋದು ನನ್ನ ಪಕ್ಷ. ಒಂದೇ ಅನುಮಾನ: ಮೊಟಕಾಗಿ ಬರೆಯುವಾಗ ‘ಆರ್ ಅಂಡ್ ಬಿ’ ಅನ್ನೋದೋ, ಬಾಯಲ್ಲಿ ಬರುವ ಹಾಗೆ ‘ಆರೆನ್‌ಬಿ’ ಅನ್ನೋದೋ?

ಈಗ ‘ಓಟದ ದಾಖಲೆಗಳು’. ರೆಕಾರ್ಡಿಗೆ ನಮ್ಮ ಹಿರಿಯರು ಬಳಸುತ್ತಿದ್ದ ಪದ ಪ್ಲೇಟು. ‘ಒಂದು ಪ್ಲೇಟು ಹಾಕು’ ಅಂದರೆ ಗ್ರಾಮಫೋನ್ ಅಂತಲೇ ಅರ್ಥ. ‘ಧ್ವನಿಮುದ್ರಿಕೆ’ಗಿಂತ ನನಗೆ ಇದೇ ಇಷ್ಟ, ಜಾಗವೂ ಉಳಿಯುತ್ತದೆ. ಕಷ್ಟ ಇರೋದು ‘ರೇಸ್’ನಲ್ಲಿ. 1920ರಲ್ಲಿ ಕಪ್ಪು ಗಾಯಕಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಭರ್ಜರಿಯಾಗಿ ಮಾರಾಟವಾದ ಮೇಲೆ ಕಂಪನಿಗಳಿಗೆ ಪ್ಲೇಟು ಕೊಳ್ಳುವ ಕಪ್ಪು ಜನ ಕಣ್ಣಿಗೆ ಬಿದ್ದರು. ಅವರಿಗಾಗಿ ಬೇರೆ ಸಾಲು, ಬೇರೆ ಪಟ್ಟಿ. ಆದರೆ ‘ರೇಸ್’ ಆಗ ಬೈಗುಳವಾಗಿರಲಿಲ್ಲ. ಶಿಕಾಗೋ ಡಿಫೆಂಡರ್‌ನಂಥ ಕಪ್ಪು ಜನರ ಪತ್ರಿಕೆಗಳು ಅದನ್ನು ಹೆಮ್ಮೆಯಿಂದಲೇ ಬಳಸುತ್ತಿದ್ದವು. ‘ರೇಸ್ ಮ್ಯಾನ್’ ಅಂದರೆ ತನ್ನ ಜನಕ್ಕಾಗಿ ಎದೆಯೊಡ್ಡಿ ನಿಲ್ಲುವವನು. ‘ಜನಾಂಗೀಯ’ ಅಂದ ಕೂಡಲೇ ನಮಗೆ ಗಲಭೆ, ನಿಂದನೆ ನೆನಪಾಗುತ್ತವೆ. ಅದು ಬೇಡ. ಕೊಳ್ಳುವವರ ಬಾಯಲ್ಲಿ ‘ನಮ್ಮೋರ ಪ್ಲೇಟು’, ಬಿಳಿಯ ಅಂಗಡಿಯವನ ಬಾಯಲ್ಲಿ ‘ಕರಿಯರ ಪ್ಲೇಟು’ ಅಂತ ಎರಡು ಥರ ಬರೆದಿದ್ದೇನೆ. ಒಂದೇ ಇಂಗ್ಲಿಷ್ ಪದಕ್ಕೆ ಎರಡು ಕನ್ನಡ. ತಪ್ಪು ಅನ್ನುತ್ತೀರಾ?

ಮೂರನೆಯದು ‘ಬ್ಯಾಕ್‌ಬೀಟ್’. ಕೈಯಲ್ಲೇ ತಟ್ಟಿ ನೋಡಿ, ಗೊತ್ತಾಗುತ್ತದೆ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಭಜನೆಗೆ ಕೂತು ಬೆಳೆದ ಕೈ ಒಂದಕ್ಕೂ ಮೂರಕ್ಕೂ ಬೀಳುತ್ತದೆ. ಅದನ್ನು ತಡೆದು ಎರಡಕ್ಕೂ ನಾಲ್ಕಕ್ಕೂ ತಟ್ಟಿ. ನನಗೆ ನಾಲ್ಕು ಸುತ್ತು ಆಗುವಷ್ಟರಲ್ಲಿ ಕೈ ಜಾರಿ ಒಂದಕ್ಕೇ ಬಂದುಬಿಡುತ್ತಿತ್ತು! ಸರಿಯಾಗಿ ಕೂತಾಗ ಮಾತ್ರ ಮೈ ತಾನಾಗಿ ತೂಗುತ್ತದೆ. 1949ರ ಡಿಸೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಫ್ಯಾಟ್ಸ್ ಡಾಮಿನೊ ಅವರ ‘ದಿ ಫ್ಯಾಟ್ ಮ್ಯಾನ್’ ಮುದ್ರಣವಾದಾಗ ಡ್ರಮ್ಸ್‌ಗೆ ಕೂತಿದ್ದ ಅರ್ಲ್ ಪಾಮರ್ ಹಾಡಿನುದ್ದಕ್ಕೂ ಈ ಪೆಟ್ಟನ್ನು ಬಿಡದೆ ಹೊಡೆದರು. ಮುಂದೆ ರಾಕ್ ಅಂಡ್ ರೋಲ್‌ಗೆ ಬೆನ್ನೆಲುಬಾಗಿದ್ದು ಇದೇ. ಇದಕ್ಕೆ ಪದ? ನಮ್ಮ ಶಾಸ್ತ್ರೀಯ ಸಂಗೀತದ ‘ಅನಾಗತ’ ಇಲ್ಲಿ ಕೂರಲ್ಲ. ಅದು ಹಾಡು ಸಮ (ತಾಳದ ಮೊದಲ ಪೆಟ್ಟು) ಬಿಟ್ಟು ಎತ್ತಿಕೊಳ್ಳುವ ಜಾಗದ ಮಾತು, ಇದು ಪೆಟ್ಟಿನ ತೂಕದ್ದು. ‘ತಿರುಗೇಟು’ ಅಂತ ಒಬ್ಬ ಗೆಳೆಯ ಸೂಚಿಸಿದ. ಅದನ್ನು ನಮ್ಮ ಪತ್ರಿಕೆಯವರು ಮಂತ್ರಿಗಳಿಗೆ ಬರೆದುಕೊಟ್ಟು ಬಹಳ ಕಾಲವಾಗಿದೆ. ‘ಹಿಂಪೆಟ್ಟು’ ಅಂತ ಹಾಕಿದ್ದೇನೆ. ತಮಟೆ, ಡೊಳ್ಳಿನವರು ಎರಡನೇ ಏಟಿಗೆ ಭಾರ ಕೊಡುವುದಕ್ಕೆ ಏನಾದರೂ ಅನ್ನುತ್ತಾರಾ? ತಿಳಿದವರು ಹೇಳಿ.

ಕೊನೆಯದೇ ನನ್ನ ನಿದ್ದೆ ಕೆಡಿಸಿರೋದು: ‘ಹೌಂಡ್ ಡಾಗ್’. ಇದೊಂದು ಹಾಡು, ಚಿತ್ರದಲ್ಲಿ ಇಬ್ಬರ ದನಿಯಲ್ಲಿ ಬರುತ್ತದೆ. ಕರಡಿನಲ್ಲಿ ಎರಡು ಕಡೆಯೂ ‘ಬೇಟೆನಾಯಿ’ ಅಂತಿದೆ. 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದಾಗ ಅದು ಸರಿ. ಅಲ್ಲಿ ಮೊಲದ ಮಾತೂ ಬರುತ್ತದೆ, ನಿಜಕ್ಕೂ ನಾಯಿಯೇ. ಆದರೆ ಹಾಡನ್ನು ಮೊದಲು ಮುದ್ರಿಸಿದ್ದು 1952ರಲ್ಲಿ, ಬಿಗ್ ಮಾಮಾ ಥಾರ್ನ್‌ಟನ್ ಅನ್ನೋ ಕಪ್ಪು ಗಾಯಕಿ. ಮರುವರ್ಷ ಅದು ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಯಲ್ಲಿ ಏಳು ವಾರ ಕೂತಿತ್ತು. ಅವರು ಬೈಯುತ್ತಿರೋದು ಒಬ್ಬ ಗಂಡಸನ್ನು. ದುಡಿಯಲ್ಲ, ಬಿಟ್ಟಿ ಕೂಳಿಗೂ ಹಾಸಿಗೆಗೂ ಬಾಗಿಲು ಮೂಸಿಕೊಂಡು ಬರುತ್ತಾನೆ. ನಾಯಿಯ ಹೆಸರಲ್ಲಿ ಅವನ ಮಾನ ಹರಾಜು. ಎಲ್ವಿಸ್ ಹಾಡಿದ್ದು ಲಾಸ್ ವೇಗಾಸ್‌ನ ಒಂದು ಬಿಳಿಯರ ತಂಡ ತಿದ್ದಿಕೊಂಡಿದ್ದ ಸಾಹಿತ್ಯ. ತಿದ್ದುಪಡಿಯಲ್ಲಿ ಗಂಡಸು ಜಾರಿಕೊಂಡ, ನಾಯಿ ಉಳಿಯಿತು. ಆ ಹೆಂಗಸಿನ ಸಿಟ್ಟೂ ಅವನ ಜೊತೆಗೇ ಹೋಯಿತು. ಲೋಕವೆಲ್ಲ ಕೇಳಿದ್ದು ಈ ಎರಡನೆಯದನ್ನು.

ಚಿತ್ರದಲ್ಲಿ ಎರಡೂ ಹಾಡು ಒಂದರ ಹಿಂದೆ ಒಂದು ಬರುತ್ತವೆ. ಎರಡಕ್ಕೂ ಒಂದೇ ಪದ ಹಾಕಿದರೆ ನೋಡುವವರಿಗೆ ಏನು ಬದಲಾಯಿತು ಅಂತಲೇ ತಿಳಿಯಲ್ಲ. ಎಲ್ವಿಸ್‌ಗೆ ‘ಬೇಟೆನಾಯಿ’ ಬಿಟ್ಟಿದ್ದೇನೆ. ಥಾರ್ನ್‌ಟನ್‌ಗೆ ‘ಕಚ್ಚೆಹರುಕ’ ಅಂತ ಬರೆದು ಅಳಿಸಿದೆ. ಅರ್ಥ ಹತ್ತಿರ ಬರುತ್ತದೆ, ನಾಯಿ ತಪ್ಪಿಹೋಗುತ್ತದೆ. ‘ಬೀದಿನಾಯಿ’ಯಲ್ಲಿ ನಾಯಿ ಇದೆ, ಆದರೆ ಪಾಪ ಅನ್ನಿಸಿಬಿಡುತ್ತದೆ. ‘ಹೊಸಿಲು ಮೂಸೋ ನಾಯಿ’ ಸದ್ಯಕ್ಕೆ ಪರದೆ ಮೇಲಿದೆ, ಸ್ವಲ್ಪ ಉದ್ದ. ಸಾಲು ನಿಲ್ಲೋದು ಎರಡೇ ಸೆಕೆಂಡು. ಮಂಡ್ಯದ ಕಡೆಯವರು, ಧಾರವಾಡದ ಕಡೆಯವರು, ನಿಮ್ಮೂರಲ್ಲಿ ಇಂಥ ಗಂಡಸಿಗೆ ಹೆಂಗಸರು ಬಾಗಿಲಲ್ಲಿ ನಿಂತು ಏನಂತ ಬೈಯುತ್ತಾರೆ? ನಾಯಿ ಇರಲೇಬೇಕು.