ಬೋರ್ಡ್ ಅಂಗಡಿಗೆ ಸಿಎನ್‌ಸಿ ರೂಟರ್: 8ಕ್ಕೆ 4 ಅಡಿಯದು ತಗೊಳ್ಳೋದಾ, ಚಿಕ್ಕದೇ ಸಾಕಾ?

ಬಣ್ಣದಡಬ್ಬಿ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಸಣ್ಣ ಬೋರ್ಡ್ ಅಂಗಡಿ. ಅಪ್ಪ ಬ್ರಷ್ ಹಿಡಿದು ಬರೆಯುತ್ತಿದ್ದರು, ಆಮೇಲೆ ಫ್ಲೆಕ್ಸ್ ಬಂತು, ಈಗ ಬರುವವರೆಲ್ಲ ಎಸಿಪಿ ಶೀಟು (ಎರಡು ಅಲ್ಯೂಮಿನಿಯಂ ಪದರ, ಮಧ್ಯೆ ಪ್ಲಾಸ್ಟಿಕ್), ಅದರ ಮೇಲೆ ಅಕ್ರಿಲಿಕ್ ಅಕ್ಷರ, ಹಿಂದೆ ಎಲ್‌ಇಡಿ ಅಂತಾರೆ. 2024ರಲ್ಲಿ ಬೋರ್ಡಿನ 60 ಪರ್ಸೆಂಟ್ ಕನ್ನಡದಲ್ಲೇ ಇರಬೇಕು ಅಂತ ಕಾನೂನು ತಿದ್ದಿದ ಮೇಲಂತೂ ಹಳೇದು ಇಳಿಸಿ ಹೊಸದು ಹಾಕಿಸುವ ಗಿರಾಕಿ ಜಾಸ್ತಿ ಆದರು.

ಕಟಿಂಗ್ ಮಾತ್ರ ಹೊರಗೆ ಕೊಡುತ್ತೇನೆ. ಕಳೆದ ತಿಂಗಳು ಅದಕ್ಕೇ 19 ಸಾವಿರ ಹೋಯಿತು. ದುಡ್ಡಿಗಿಂತ ಕಾಯೋದೇ ಬೇಜಾರು. ಅವರು ನಾಳೆ ಅಂದರೆ ನಾಡಿದ್ದು, ನಾಡಿದ್ದು ಅಂದರೆ ಮುಂದಿನ ವಾರ. ಗಿರಾಕಿ ಓಪನಿಂಗ್‌ಗೆ ಕಾರ್ಡ್ ಹಂಚಿ ಕೂತಿರುತ್ತಾನೆ, ಬೈಸಿಕೊಳ್ಳೋದು ನಾನು.

ಹಾಗಾಗಿ ಕಂಪ್ಯೂಟರ್ ಹೇಳಿದಂತೆ ಶೀಟ್ ಕತ್ತರಿಸುವ ಸಿಎನ್‌ಸಿ ರೂಟರ್ ಮಿಷನ್ ನಾವೇ ಹಾಕೋಣ ಅಂತ. ಎರಡು ಕೊಟೇಶನ್ ಬಂದಿದೆ. 6090, ಅಂದರೆ 600ಕ್ಕೆ 900 ಎಂಎಂ ಬೆಡ್ಡು (ಶೀಟ್ ಇಡುವ ಮೇಜು), ಹತ್ತಿರ ಹತ್ತಿರ 2 ಲಕ್ಷ. 1325, ಅಂದರೆ ಇಡೀ ಶೀಟ್ ಕೂರುವಂಥದ್ದು, 4 ಲಕ್ಷದ 60 ಸಾವಿರ, ಜಿಎಸ್‌ಟಿ ಬೇರೆ. ಅಂಗಡಿ ಹಿಂದೆ 14ಕ್ಕೆ 20 ಅಡಿ ಶೆಡ್ ಇದೆ, ಸಿಂಗಲ್ ಫೇಸ್ ಕರೆಂಟು. ಮನೆಯಲ್ಲಿ ಚಿಕ್ಕದು ಸಾಕು ಅಂತಾರೆ. ಡೀಲರ್ ದೊಡ್ಡದೇ ಬೇಕು ಅಂತಾನೆ, ಅವನು ಇನ್ನೇನು ಹೇಳ್ತಾನೆ ಅಲ್ವಾ. ಬಳಸುತ್ತಿರುವವರು ಹೇಳಿ.

ಹರಿಹರದ ಮರಗೆಲಸ:

ಎಸಿಪಿ ಕೆಲಸ ಇದ್ದರೆ 6090 ಕಡೆ ನೋಡಲೇಬೇಡಿ. ಶೀಟ್ ಬರುವುದೇ 8ಕ್ಕೆ 4 ಅಡಿ. ಅದನ್ನು ಕೈಯಲ್ಲಿ ತುಂಡು ಮಾಡಿ ಚಿಕ್ಕ ಬೆಡ್ಡಿಗೆ ಹಾಕಿ, ಜೋಡಿಸುವಾಗ ಗೆರೆ ಕೂಡಲಿಲ್ಲ ಅಂತ ತಲೆ ಚಚ್ಚಿಕೊಳ್ಳಬೇಕಾಗುತ್ತೆ. ನಾನು ಎರಡು ವರ್ಷ ಅದನ್ನೇ ಮಾಡಿ, ಆಮೇಲೆ ಅರ್ಧ ರೇಟಿಗೆ ಮಾರಿದೆ.

ಶೆಡ್ ಸಾಕು, ಆದರೆ ಬಿಗಿ. 1325 ಮಿಷನ್ನೇ ಸುಮಾರು 7ಕ್ಕೆ 10 ಅಡಿ ತಿನ್ನುತ್ತೆ, ಸುತ್ತ ಓಡಾಡೋಕೆ, ಶೀಟ್ ಎತ್ತಿ ಹಾಕೋಕೆ ಜಾಗ ಬೇಕು. ಮೊದಲು ಬಾಗಿಲು ಅಳೀರಿ! ತಮಾಷೆ ಅಲ್ಲ. ನಮ್ಮದು ಲಾರಿಯಲ್ಲಿ ಬಂದು ಇಳಿದ ದಿನ ಬಾಗಿಲಲ್ಲಿ ನುಗ್ಗಲಿಲ್ಲ, ರಾತ್ರಿಯೆಲ್ಲ ಟಾರ್ಪಾಲ್ ಹೊದಿಸಿ ಬೀದಿಯಲ್ಲಿ ಕಾದೆ, ಬೆಳಗ್ಗೆ ಗೌಂಡಿ ಕರೆಸಿ ಗೋಡೆ ಒಡೆಸಿದೆ.

ಕರೆಂಟಿನ ವಿಷಯ. 2.2 ಅಥವಾ 3 ಕಿಲೋವ್ಯಾಟ್ ಸ್ಪಿಂಡಲ್‌ಗೆ (ಕತ್ತರಿಸುವ ಬಿಟ್ ತಿರುಗಿಸುವ ಮೋಟಾರು) ಸಿಂಗಲ್ ಫೇಸಲ್ಲಿ ಓಡುವ ವಿಎಫ್‌ಡಿ (ಮೋಟಾರಿನ ವೇಗ ಹಿಡಿಯುವ ಡ್ರೈವ್) ಸಿಗುತ್ತೆ. ಶೀಟನ್ನು ಗಾಳಿ ಎಳೆದು ಹಿಡಿಯುವ ವ್ಯಾಕ್ಯೂಮ್ ಬೆಡ್ ಬೇಕು ಅಂದರೆ ಪಂಪಿಗೇ ಥ್ರೀ ಫೇಸ್ ಬೇಕು, ಬೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಜಾಸ್ತಿ ಮಾಡಿಸಿಕೊಳ್ಳಬೇಕು. ಶುರುವಿಗೆ ಟಿ-ಸ್ಲಾಟ್ ಬೆಡ್ಡು, ಕ್ಲ್ಯಾಂಪು ಸಾಕು. ಅರ್ಥಿಂಗ್ ಮಾತ್ರ ಹೊಸದಾಗಿ ಗುಂಡಿ ತೋಡಿಸಿ ಹಾಕಿಸಿ. ಅದು ಸರಿ ಇಲ್ಲದಿದ್ದರೆ ಕೆಲಸದ ಮಧ್ಯೆ ಕಂಟ್ರೋಲರ್ ದಾರಿ ತಪ್ಪುತ್ತೆ, ಶೀಟ್ ಹಾಳು.

ದುರ್ಗದ ಅಕ್ರಿಲಿಕ್:

ಚಿತ್ರದುರ್ಗದಿಂದ. ಮೇಲಿನವರು ಹೇಳಿದ್ದು ಸರಿ. ಯಾರಾದರೂ ನಿಮಗೆ "ರೂಟರ್ ಯಾಕೆ, ಲೇಸರ್ ತಗೊಳ್ಳಿ" ಅಂದರೆ ಕೇಳಬೇಡಿ. ಅಕ್ರಿಲಿಕ್ ಅಂಚು ಲೇಸರ್‌ನಲ್ಲಿ ಗಾಜಿನ ಹಾಗೆ ಬರುತ್ತೆ, ಒಪ್ಪಿದೆ. ಆದರೆ ಎಸಿಪಿ ಮೇಲೆ ಅಲ್ಯೂಮಿನಿಯಂ ಇರೋದರಿಂದ ಸಾಮಾನ್ಯ ಸಿಒ2 ಲೇಸರ್ ಅದನ್ನು ಕತ್ತರಿಸೋದಿಲ್ಲ. ಪಿವಿಸಿ ಫೋಮ್ ಶೀಟನ್ನಂತೂ ಲೇಸರ್‌ಗೆ ಹಾಕಲೇಬಾರದು, ಬರುವ ಹೊಗೆಯಲ್ಲಿ ಆಸಿಡ್ ಇರುತ್ತೆ, ಮಿಷನ್‌ಗೂ ತುಕ್ಕು, ನಿಮ್ಮ ಪುಪ್ಪುಸಕ್ಕೂ ಕೇಡು.

ಹೊಸಬರೆಲ್ಲ ಮಾಡುವ ತಪ್ಪು ಒಂದಿದೆ. ಅಕ್ರಿಲಿಕ್ ಒಡೆದೀತು ಅಂತ ಹೆದರಿ ಫೀಡ್ (ಬಿಟ್ ಮುಂದೆ ಸಾಗುವ ವೇಗ) ಕಡಿಮೆ ಇಡ್ತಾರೆ. ಆಗಲೇ ಅದು ಕರಗಿ ಬಿಟ್ಟಿಗೆ ಅಂಟಿಕೊಳ್ಳೋದು. ಸಿಂಗಲ್ ಫ್ಲೂಟ್ ಬಿಟ್ (ಒಂದೇ ಅಲಗಿನದು) ಹಾಕಿ, 18,000 ಆರ್‌ಪಿಎಂ, ಫೀಡ್ ನಿಮಿಷಕ್ಕೆ 1800 ಎಂಎಂ ಇಟ್ಟರೆ ಒಂದು ಸುತ್ತಿಗೆ 0.1 ಎಂಎಂ ಕಚ್ಚುತ್ತೆ. 600 ಇಟ್ಟರೆ ಕಚ್ಚೋದೇ ಇಲ್ಲ, ಸುಮ್ನೆ ಉಜ್ಜುತ್ತೆ, ಬಿಸಿಯಾಗುತ್ತೆ. ಕೈಗೆ ಕಾಯಿತುರಿ ಥರ ಉದುರಬೇಕು, ಹಿಟ್ಟು ಬಂದರೆ ತಪ್ಪು ಅಂತ ತಿಳಿಯಿರಿ. ಮತ್ತೆ ಶೀಟ್ ಕ್ಯಾಸ್ಟ್ (ಅಚ್ಚಿಗೆ ಹೊಯ್ದದ್ದು) ಆಗಿರಲಿ, ಎಕ್ಸ್‌ಟ್ರೂಡೆಡ್ (ಒತ್ತಿ ಹೊರತೆಗೆದದ್ದು) ಬೇಗ ಕರಗುತ್ತೆ.

ಎಸಿಪಿ ಮಡಚೋಕೆ 90 ಡಿಗ್ರಿ ವಿ-ಬಿಟ್ಟು. ಕೆಳಗಿನ ಅಲ್ಯೂಮಿನಿಯಂ ಪದರ, ಅದರ ಮೇಲೆ ಒಂಚೂರು ಪ್ಲಾಸ್ಟಿಕ್ ಉಳಿಯಬೇಕು, ಅಷ್ಟೆ. ಬೆಡ್ಡಿನಲ್ಲಿ ಅರ್ಧ ಎಂಎಂ ಏರುಪೇರು ಇದ್ದರೂ ಒಂದು ಕಡೆ ತೂತು, ಇನ್ನೊಂದು ಕಡೆ ಮಡಚಲ್ಲ. ಹಾಗಾಗಿ ಮೇಲೆ ಎಂಡಿಎಫ್ ಹಲಗೆ ಹಾಕಿ, ಅದೇ ಮಿಷನ್‌ನಲ್ಲಿ ಅದನ್ನು ಹೆರೆದು ಮಟ್ಟ ಮಾಡಿಕೊಳ್ಳಿ.

ಕನ್ನಡ ಅಕ್ಷರದ ಕಥೆ ಇನ್ನೊಂದು. ಮೊದಲ ವರ್ಷ ಒಂದು ಮಠದ ಬೋರ್ಡ್ ಬಂತು. ಎಲ್ಲ ಕಟ್ ಆಯಿತು, ಜೋಡಿಸೋಕೆ ಕೂತರೆ "ಠ"ದ ಒಳಗಿನ ಚುಕ್ಕೆ ಇಲ್ಲ! ಅದು ಬಿಡಿ ತುಂಡು ನೋಡಿ, ಡಸ್ಟ್ ಕಲೆಕ್ಟರ್ ನುಂಗಿಬಿಟ್ಟಿತ್ತು. ಚೀಲ ಸುರಿದು, ಬಿಳಿ ಪುಡಿಯಲ್ಲಿ ಕೈಯಾಡಿಸಿ ಹುಡುಕಿದ್ದು ಅರ್ಧ ಗಂಟೆ. ಈಗ ಸಣ್ಣ ತುಂಡುಗಳಿಗೆಲ್ಲ ಟ್ಯಾಬ್ (ಶೀಟಿಗೆ ಅಂಟಿಕೊಂಡಿರೋ ಸಣ್ಣ ಸೇತುವೆ) ಬಿಡುತ್ತೇನೆ.

ಲೆಕ್ಕದ ಪುಸ್ತಕ:

ಎಲ್ಲರೂ ಸ್ಪಿಂಡಲ್ ಬಗ್ಗೆ ಹೇಳಿದಿರಿ, ಲೆಕ್ಕ ಯಾರೂ ಹೇಳಲಿಲ್ಲ. 4.60ಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 5 ಲಕ್ಷ 43 ಸಾವಿರದ ಹತ್ತಿರ. ರೆಗ್ಯುಲರ್ ಜಿಎಸ್‌ಟಿ ಇದ್ದರೆ ಆ ತೆರಿಗೆಗೆ ಕ್ರೆಡಿಟ್ ಸಿಗುತ್ತೆ, ಕಾಂಪೋಸಿಷನ್‌ನಲ್ಲಿ (ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಸ್ಕೀಮ್) ಇದ್ದರೆ ಸಿಗಲ್ಲ. 4 ಲಕ್ಷ ಸಾಲ, 11 ಪರ್ಸೆಂಟ್ ಬಡ್ಡಿ, 5 ವರ್ಷ ಅಂದರೆ ಕಂತು ತಿಂಗಳಿಗೆ 8,700 ರೂಪಾಯಿ. ಅದರ ಮೇಲೆ ಕರೆಂಟು, ಮುರಿದ ಬಿಟ್ಟು, ಮಿಷನ್ ಮುಂದೆ ನಿಲ್ಲೋ ಹುಡುಗನ ಸಂಬಳ. ಹಾಗಾಗಿ 19 ಸಾವಿರ ಪೂರ್ತಿ ಉಳಿಯಿತು ಅಂದುಕೊಳ್ಳಬೇಡಿ. ಕಳೆದ ತಿಂಗಳು ಸೀಸನ್ ಇತ್ತಾ? ಆಷಾಢದ ಬಿಲ್ ತೆಗೆದು ನೋಡಿ.

ಪಿಎಂಇಜಿಪಿ (ಕೇಂದ್ರದ ಉದ್ಯೋಗ ಸೃಷ್ಟಿ ಯೋಜನೆ) ಸಬ್ಸಿಡಿ ಕೊಡಿಸ್ತೀನಿ ಅಂತ ಏಜೆಂಟ್ ಬಂದರೆ ದುಡ್ಡು ಕೊಡಬೇಡಿ. ಆ ಸ್ಕೀಮ್ ಹೊಸದಾಗಿ ಶುರುಮಾಡುವ ಘಟಕಕ್ಕೆ, ನಿಮ್ಮದು ಆಗಲೇ ನಡೆಯುತ್ತಿರೋ ಅಂಗಡಿ. ನಿಮಗೆ ಮುದ್ರಾ ಸಾಲ ಸರಿಹೊಂದುತ್ತೆ. 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ನಿಮ್ಮ ಖಾತೆ ಇರೋ ಬ್ಯಾಂಕಲ್ಲೇ ಕೇಳಿ.

ಬಣ್ಣದಡಬ್ಬಿ:

ಲೆಕ್ಕದ ಪುಸ್ತಕ ಸರ್, ಬಿಲ್ ತೆಗೆದೆ. ಆಷಾಢದಲ್ಲಿ 6,200. ನಾನು ಸೀಸನ್ ತಿಂಗಳು ನೋಡಿ ಕುಣಿದೆ, ಸರಿಯಾಗಿ ಹಿಡಿದಿರಿ. ಆದರೂ ಹತ್ತಿರದ ಮೂರು ಅಂಗಡಿಯವರು "ನೀನು ಹಾಕಿದರೆ ನಮ್ಮದೂ ನಿನಗೇ ಕೊಡ್ತೀವಿ" ಅಂದಿದ್ದಾರೆ. ಬಾಯಿ ಮಾತು, ಅರ್ಧ ಆದರೂ ಬಂದರೆ ನಡೆಯುತ್ತೆ ಅನಿಸುತ್ತಿದೆ.

ಇನ್ನೊಂದು ಡೌಟು. ನಾನು ಕೋರೆಲ್‌ನಲ್ಲಿ (ಡಿಸೈನ್ ಸಾಫ್ಟ್‌ವೇರ್) ನುಡಿ ಫಾಂಟ್ ಬಳಸೋದು. ಅದೇ ಫೈಲ್ ನಡೆಯುತ್ತಾ? ಡಿಸೈನಿಂದ ಕಟಿಂಗ್ ದಾರಿ ಮಾಡುವ ಆರ್ಟ್‌ಕ್ಯಾಮ್ ಸಾಫ್ಟ್‌ವೇರ್ ಡೀಲರ್ ಫ್ರೀ ಹಾಕಿಕೊಡ್ತೀನಿ ಅಂದ.

ದುರ್ಗದ ಅಕ್ರಿಲಿಕ್:

ನಡೆಯುತ್ತೆ. ಆದರೆ ಅಕ್ಷರವನ್ನು ಕರ್ವ್ (ಗೆರೆ) ಮಾಡಿದ ಮೇಲೆ ವೆಲ್ಡ್ ಮಾಡಿ, ಅಂದರೆ ಮೇಲೆ ಮೇಲೆ ಬಿದ್ದ ಆಕಾರ ಒಂದು ಮಾಡಿ. ಅಕ್ಷರಕ್ಕೆ ಕೊಂಬು, ಒತ್ತು ತಾಗುವ ಕಡೆ ಎರಡು ಗೆರೆ ಒಂದರ ಮೇಲೊಂದು ಇರುತ್ತೆ. ಪ್ರಿಂಟಲ್ಲಿ ಕಾಣಲ್ಲ. ಮಿಷನ್ ಮಾತ್ರ ಅದನ್ನೂ ಕತ್ತರಿಸುತ್ತೆ, "ಕೂ" ಹೋಗಿ "ಕ" ಒಂದು ಕಡೆ, ಕೊಂಬು ಇನ್ನೊಂದು ಕಡೆ ಬೀಳುತ್ತೆ. 3 ಎಂಎಂ ದಪ್ಪದ ಬಿಟ್ ಒಳಮೂಲೆಯನ್ನು ಒಂದೂವರೆ ಎಂಎಂ ದುಂಡು ಮಾಡೇ ಮಾಡುತ್ತೆ, ಚಿಕ್ಕ ಒತ್ತಕ್ಷರಕ್ಕೆ ಇನ್ನೂ ತೆಳು ಬಿಟ್ ಬೇಕು.

ಆರ್ಟ್‌ಕ್ಯಾಮನ್ನು ಆಟೋಡೆಸ್ಕ್‌ನವರು 2018ರಲ್ಲೇ ನಿಲ್ಲಿಸಿದರು. ಫ್ರೀ ಅಂದರೆ ಕಳ್ಳ ಕಾಪಿ ಅಂತಲೇ ಅರ್ಥ. ವೆಕ್ಟ್ರಿಕ್‌ನವರ ವಿಕಾರ್ವ್ ಬೋರ್ಡ್ ಕೆಲಸಕ್ಕೆ ಚೆನ್ನಾಗಿದೆ. ಡೀಲರ್ ಹತ್ತಿರ ಬೇರೆ ಪ್ರಶ್ನೆ ಕೇಳಿ: ಸ್ಪಿಂಡಲ್ ಕೆಟ್ಟರೆ ದಾವಣಗೆರೆಗೆ ಎಷ್ಟು ದಿನಕ್ಕೆ ಆಳು ಬರ್ತಾನೆ? ನನ್ನ ಡೀಲರ್ ಮಾರುವ ಮುಂಚೆ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ. ಮಾರಿದ ಮೇಲೆ ಬೇರಿಂಗ್ ಹೋದಾಗ 11 ದಿನ ಮಿಷನ್ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೆ.

ಹರಿಹರದ ಮರಗೆಲಸ:

ಡೆಮೊಗೆ ಹೋಗುವಾಗ ಶೀಟ್ ನೀವೇ ಒಯ್ಯಿರಿ. ಅವರು ಇಟ್ಟಿರೋ ಸ್ಯಾಂಪಲ್ ಫೈಲ್ ಓಡಿಸಿ ಗುಲಾಬಿ ಹೂವು, ಗಣಪತಿ ತೋರಿಸ್ತಾರೆ. ಅದು ಬೇಡ ಅನ್ನಿ.

ಬಣ್ಣದಡಬ್ಬಿ:

ಸೋಮವಾರ ಬೆಂಗಳೂರಿಗೆ ಹೋಗ್ತಿದ್ದೀನಿ. ಒಂದು ಎಸಿಪಿ ತುಂಡು, 5 ಎಂಎಂ ಕ್ಯಾಸ್ಟ್ ಅಕ್ರಿಲಿಕ್, ಪೆನ್‌ಡ್ರೈವಲ್ಲಿ "ಮಠ" ಅಂತ ಎರಡಿಂಚಿನ ಅಕ್ಷರ. ಚುಕ್ಕೆ ಸಿಕ್ಕಿದರೆ ಮುಂದಿನ ಮಾತು.

ಶೆಡ್ಡಿನ ಬಾಗಿಲೂ ಅಳೆದೆ. 5 ಅಡಿ 10 ಇಂಚು. ಗೌಂಡಿಗೆ ಹೇಳಿಟ್ಟಿದ್ದೇನೆ.